ಡಂಪರ್ ಚಾಸಿಯಲ್ಲಿ ಬಿರುಕು: ಪಟ್ಟಿ ಹೊಡೆಯುವ ಮುನ್ನ

ಸಂಡೂರಿನಂಥ ಕಬ್ಬಿಣದ ಅದಿರಿನ ಗಣಿಯಲ್ಲಿ ಡಂಪರ್ ಚಾಸಿಯ ಬಿರುಕು ಕಣ್ಣಿಗೆ ಬೀಳುವುದೇ ಕಷ್ಟ. ಬೇರೆ ಕಡೆ ಬಿರುಕಿನಿಂದ ಒಸರುವ ತುಕ್ಕಿನ ಗೆರೆಯೇ ಸುಳಿವು; ಇಲ್ಲಿ ಮೊದಲಿಗೇ ಎಲ್ಲವೂ ಕೆಂಪು. ಹಾಗಾಗಿ ಜೆಟ್ ನೀರಿನಲ್ಲಿ ತೊಳೆದು, ಒಣಗುತ್ತಿರುವಾಗಲೇ ನೋಡಿ. ಸುತ್ತ ಒಣಗಿದ ಮೇಲೂ ಕೂದಲೆಳೆಯಷ್ಟು ಗೆರೆ ಒದ್ದೆಯಾಗಿಯೇ ಉಳಿದರೆ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಬಾಡಿ ಎತ್ತಿದ್ದರೆ ಸೇಫ್ಟಿ ಪಿನ್ ಹಾಕದೆ ಅದರ ಕೆಳಗೆ ತಲೆ ಹಾಕಬೇಡಿ.

ಮೊದಲು ನೋಡಬೇಕಾದ್ದು ಕೂಡುಜಾಗಗಳನ್ನು: ಅಡ್ಡ ಟ್ಯೂಬು ಉದ್ದದ ರೈಲಿಗೆ (ಚಾಸಿಯ ಉದ್ದಕ್ಕೂ ಇರುವ ಉಕ್ಕಿನ ತೊಲೆ) ಸೇರುವಲ್ಲಿ, ಹಿಂದಿನ ಸಸ್ಪೆನ್ಷನ್ ಮತ್ತು ಬಾಡಿ ಎತ್ತುವ ಹಾಯ್ಸ್ಟ್ ಸಿಲಿಂಡರ್ ಕೂರುವಲ್ಲಿ, ಬಾಡಿ ಪಿವಟ್ ಪಿನ್ನಿನ ಸುತ್ತ. ಪೆಟ್ಟಿಗೆಯಾಕಾರದ ರೈಲು ಬಾಗುವಿಕೆಯನ್ನು ಚೆನ್ನಾಗಿಯೇ ತಡೆಯುತ್ತದೆ. ಚಾಸಿ ಮೂಲೆಯಿಂದ ಮೂಲೆಗೆ ತಿರುಚಿಕೊಂಡಾಗ ಪೆಟ್ಟು ಬೀಳುವುದು ಈ ಕೂಡುಗಳಿಗೆ. ಅನೇಕ ತಯಾರಕರು ಅಲ್ಲಿ ಎರಕದ ತುಂಡು ಕೂರಿಸಿ, ಬೆಸುಗೆಯನ್ನು ಆಚೆಗೆ ಸರಿಸುವುದು ಇದೇ ಕಾರಣಕ್ಕೆ.

ಗುರುತಿನ ಜಾಗದಲ್ಲಿ ಬಣ್ಣ ತೆಗೆದು, ಬಿರುಕಿನೊಳಗೆ ಇಳಿಯುವ ಕೆಂಪು ಡೈ ಹಚ್ಚಿ, 10–20 ನಿಮಿಷ ಬಿಡಿ. ಒರೆಸುವಾಗ ಕ್ಲೀನರನ್ನು ಬಟ್ಟೆಗೆ ಹಾಕಿಕೊಳ್ಳಿ. ನೇರ ಸ್ಪ್ರೇ ಮಾಡಿದರೆ ಬಿರುಕಿನೊಳಗಿನ ಡೈಯೂ ತೊಳೆದುಹೋಗುತ್ತದೆ. ಆಮೇಲೆ ಡೆವಲಪರ್ (ಒಳಗಿನ ಡೈಯನ್ನು ಹೊರಕ್ಕೆಳೆಯುವ ಬಿಳಿ ಲೇಪ) ಹಾಕಿ, ಅದರ ಮೇಲೆ ಮೂಡಿದ ಗೆರೆಯ ಎರಡೂ ತುದಿಗೆ ಪಂಚ್ ಹೊಡೆದಿಡಿ.

ಬೆಸೆಯುವ ಮೊದಲು ಬ್ಯಾಟರಿ ಕಳಚಿ, ಕಂಟ್ರೋಲರ್ ಪ್ಲಗ್ಗುಗಳನ್ನು ಬಿಚ್ಚಿ. ಅರ್ಥಿಂಗ್ ಕ್ಲಾಂಪು ಬೆಸೆಯುವ ಭಾಗದ ಮೇಲೆಯೇ, ಹತ್ತಿರದಲ್ಲೇ ಇರಲಿ. ಕರೆಂಟು ಬೇರಿಂಗಿನ ಮೂಲಕ ಹಾದರೆ ಅದನ್ನೂ ಬದಲಿಸಬೇಕಾದೀತು. ಗ್ಯಾಸ್ ತುಂಬಿದ ಸಸ್ಪೆನ್ಷನ್ ಸಿಲಿಂಡರಿಗೆ ಶಾಖ ತಾಗಿಸುವುದಂತೂ ಬೇಡವೇ ಬೇಡ.

ಗೌಜಿಂಗನ್ನು, ಅಂದರೆ ಬಿರುಕನ್ನು ಕೆತ್ತಿ ತೆಗೆಯುವುದನ್ನು, ಬಿರುಕಿನ ತುದಿಗಿಂತ 25–50 ಮಿ.ಮೀ. ಆಚೆಯಿಂದ ಶುರುಮಾಡಿ ನಡುವಿಗೆ ಬನ್ನಿ. ನಡುವಿನಿಂದ ಹೊರಟರೆ ಬಿಸಿಗೆ ಬಿರುಕು ಮುಂದೆ ಓಡುತ್ತದೆ. ಕಾರ್ಬನ್ ರಾಡಿನಲ್ಲಿ ಕೆತ್ತಿದ್ದರೆ ಮೇಲಿನ ಗಡುಸು ಪದರವನ್ನು ಗ್ರೈಂಡ್ ಮಾಡಿ ತೆಗೆದು, ಮತ್ತೆ ಡೈ ಹಾಕಿ. ಕೆಂಪು ಗೆರೆ ಮೂಡದಿದ್ದರೆ ಮಾತ್ರ ಮುಂದುವರಿಯಿರಿ.

ಬೆಸುಗೆ ರಾಡು, ಶಾಖ ಎರಡಕ್ಕೂ ಕೊನೆಯ ಮಾತು ತಯಾರಕರ ಮ್ಯಾನ್ಯುಯಲ್ಲಿನದು. ಸಾಮಾನ್ಯವಾಗಿ ಇ7018 ಎಂಬ ಕಡಿಮೆ ಹೈಡ್ರೋಜನ್ ರಾಡು ಬಳಕೆಯಲ್ಲಿದೆ: 300–350 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ, ಬಿಸಿ ಪೆಟ್ಟಿಗೆಯಿಂದ ಒಂದೊಂದೇ ತೆಗೆಯಿರಿ. ದಪ್ಪ ಪ್ಲೇಟು, ಎರಕದ ಭಾಗಗಳನ್ನು 100–150 ಡಿಗ್ರಿಗೆ ಕಾಯಿಸಿ. ಇದನ್ನು ಕೈಯಿಟ್ಟು ಅಂದಾಜು ಮಾಡಬೇಡಿ, ನಿಗದಿತ ಶಾಖಕ್ಕೆ ಕರಗುವ ಟೆಂಪರೇಚರ್ ಚಾಕ್ ಗೀರಿ ನೋಡಿ. 3.2 ಮಿ.ಮೀ. ರಾಡಿಗೆ ಡಿಸಿ ಪಾಸಿಟಿವ್‌ನಲ್ಲಿ 100–140 ಆಂಪ್. ಕೈಯನ್ನು ಅತ್ತಿತ್ತ ತೂಗದೆ ಸಣ್ಣ ಸಣ್ಣ ಸಾಲು ಎಳೆದು, ಪ್ರತಿ ಸಾಲಿನ ಮೇಲೆ ಗಟ್ಟಿಯಾಗುವ ಸ್ಲ್ಯಾಗ್ ಪದರ ತೆಗೆಯಿರಿ. ಮುಗಿದ ಕೂಡಲೇ ಶಾಖ ತಡೆಯುವ ಹೊದಿಕೆ ಸುತ್ತಿ ನಿಧಾನ ಆರಲು ಬಿಡಿ. ನೀರು ಎರಚಿದರೆ ಅಷ್ಟೂ ಕೆಲಸ ಹಾಳು. ಗ್ರೈಂಡಿಂಗಿನ ಗೀರುಗಳು ರೈಲಿನ ಉದ್ದಕ್ಕೇ ಇರಲಿ, ಅಡ್ಡ ಗೀರು ಮುಂದಿನ ಬಿರುಕಿನ ಬಾಗಿಲು. ಬೆಸುಗೆಯೊಳಗೆ ಸೇರಿಕೊಂಡ ಹೈಡ್ರೋಜನ್ನಿನಿಂದಾಗುವ ಬಿರುಕು ತಡವಾಗಿ ಏಳುವುದರಿಂದ ಕೊನೆಯ ಪರೀಕ್ಷೆ 24 ಗಂಟೆಯ ನಂತರ.

ಬಿರುಕಿನ ಮೇಲೆ ಉಕ್ಕಿನ ಪಟ್ಟಿ ಬಡಿಯುವ ಚಾಳಿ ಬಹಳ ಕಡೆ ಇದೆ. ಪಟ್ಟಿ ಇದ್ದಲ್ಲಿ ರೈಲು ಬಿಗಿಯಾಗುತ್ತದೆ, ಎಳೆತವೆಲ್ಲ ಪಟ್ಟಿಯ ಅಂಚಿಗೆ ಹೋಗಿ ನಿಲ್ಲುತ್ತದೆ, ಅಲ್ಲೇ ಹೊಸದೊಂದು ಸೀಳು. ತಯಾರಕರ ಡ್ರಾಯಿಂಗಿನಲ್ಲಿ ಇಲ್ಲದ ಪಟ್ಟಿ ಬೇಡ.

ಮೂಲ ಕಾರಣ ಬಿಟ್ಟು ಬೆಸೆದರೆ ಅದೇ ಜಾಗ ಮತ್ತೆ ಬಾಯಿ ಬಿಡುತ್ತದೆ. ಖಾಲಿ ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಡಬಲದ ಸಸ್ಪೆನ್ಷನ್ ಸಿಲಿಂಡರಿನ ರಾಡು ಎಷ್ಟೆಷ್ಟು ಹೊರಗಿದೆ ಎಂದು ಅಳೆಯಿರಿ. ಒಂದು ಕಡೆ ನೈಟ್ರೋಜನ್ ಸೋರಿ ಕುಸಿದಿದ್ದರೆ ಗುಂಡಿ ಸಿಕ್ಕಾಗಲೆಲ್ಲ ಚಾಸಿ ತಿರುಚುತ್ತದೆ. ಲೋಡಿಗೆ ಗಣಿಗಳಲ್ಲಿ 10-10-20 ನಿಯಮವಿದೆ: ಸರಾಸರಿ ಹೊರೆ ನಿಗದಿಯನ್ನು ಮೀರಬಾರದು, ಶೇ. 110 ದಾಟುವ ಟ್ರಿಪ್ಪು ನೂರಕ್ಕೆ ಹತ್ತರೊಳಗೆ, ಶೇ. 120 ದಾಟುವುದು ಒಂದೂ ಇರಬಾರದು. ಬೆಸುಗೆಯ ದಣಿವು (ಮತ್ತೆ ಮತ್ತೆ ಬೀಳುವ ಎಳೆತದಿಂದಾಗುವ ಹಾನಿ) ಎಳೆತದ ಘನದ ಲೆಕ್ಕದಲ್ಲಿ ಏರುತ್ತದೆ. ಎಳೆತ ಶೇ. 20 ಹೆಚ್ಚಿದರೆ ಆಯುಷ್ಯದಲ್ಲಿ ಉಳಿಯುವುದು ಸುಮಾರು ಶೇ. 58.

ಮುಂದಿನ 250 ಗಂಟೆಯ ಸರ್ವಿಸಿನಲ್ಲಿ ಅದೇ ಜಾಗ ತೊಳೆದು ನೋಡಿ. ಎದುರು ರೈಲಿನ ಅದೇ ಅಳತೆಯಲ್ಲೂ ನೋಡಿ. ಅಲ್ಲೂ ಅಷ್ಟೇ ಎಳೆತ ಬಿದ್ದಿರುತ್ತದೆ.