ಎಸ್‌ಸಿಆರ್ ಬದಲಿಸುವ ಮುಂಚೆ ಸ್ನಬ್ಬರ್ ನೋಡಿ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಡಿಸಿ ಡ್ರೈವ್, ಅಂದರೆ ಡಿಸಿ ಮೋಟಾರಿನ ವೇಗ ಹಿಡಿತದಲ್ಲಿಡುವ ಸಾಧನ, ಅದರ ರಿಪೇರಿ ನನ್ನ ಕೆಲಸ. ಅದರೊಳಗಿನ ಎಸ್‌ಸಿಆರ್ ಎಂದರೆ ಗೇಟ್ ಎಂಬ ಕಾಲಿಗೆ ಪಲ್ಸ್ ಕೊಟ್ಟಾಗ ಆನ್ ಆಗುವ ಎಲೆಕ್ಟ್ರಾನಿಕ್ ಸ್ವಿಚ್. ಎಸ್‌ಸಿಆರ್ ಹೋಗಿದೆ ಎಂದು ಯಾರು ಕರೆದರೂ ನಾನು ಮೊದಲು ಮೀಟರ್ ಹಿಡಿಯುವುದು ಅದರ ಪಕ್ಕದ ರೆಸಿಸ್ಟರ್, ಕೆಪಾಸಿಟರ್‌ಗೆ. ಎಸ್‌ಸಿಆರ್ ಕಾಯುವ ಈ ಜೋಡಿಯೇ ಸ್ನಬ್ಬರ್.

ಹೋದ ಬೇಸಿಗೆಯಲ್ಲಿ ಪೈಪ್ ಎಕ್ಸ್‌ಟ್ರೂಡರ್ ಒಂದರ ಡ್ರೈವ್ ಕೈಕೊಟ್ಟಿತ್ತು. 415 ವೋಲ್ಟ್, ಆರು ಎಸ್‌ಸಿಆರ್‌ಗಳ ತ್ರೀ ಫೇಸ್ ಬ್ರಿಡ್ಜ್. ಬೆಳಿಗ್ಗೆ ಚೆನ್ನಾಗಿ ಓಡುತ್ತೆ, ಮಧ್ಯಾಹ್ನ ಫ್ಯೂಸ್ ಹೋಗುತ್ತೆ. "ಫೈರಿಂಗ್ ಕಾರ್ಡೇ ಹೋಗಿರ್ಬೇಕು ಸಾರ್" ಎಂದರು ಅಲ್ಲಿನ ಎಲೆಕ್ಟ್ರಿಷಿಯನ್. ಗೇಟ್‌ಗೆ ಪಲ್ಸ್ ಕಳಿಸುವ ಕಾರ್ಡ್ ಅದು. ಸ್ಕೋಪ್ ಹಚ್ಚಿದೆ, ಆರೂ ಗೇಟ್ ಪಲ್ಸ್ ಅಚ್ಚುಕಟ್ಟಾಗಿದ್ದವು. ಬಿಸಿಯಾದಾಗ ಮಾತ್ರ ಕಾಡುವ ತೊಂದರೆ ಎಂದರೆ ನನ್ನ ಅನುಮಾನ ಹೋಗುವುದು ಡಿವಿ/ಡಿಟಿ, ಅಂದರೆ ವೋಲ್ಟೇಜ್ ಏರುವ ವೇಗದ ಕಡೆಗೆ.

ಆಫ್ ಆಗಿರುವ ಎಸ್‌ಸಿಆರ್‌ನ ಒಳಗಿನ ಜಂಕ್ಷನ್‌ಗೂ ಸ್ವಲ್ಪ ಕೆಪಾಸಿಟೆನ್ಸ್ ಇರುತ್ತದೆ. ವೋಲ್ಟೇಜ್ ಥಟ್ಟನೆ ಏರಿದರೆ ಅದರ ಮೂಲಕ ಕರೆಂಟ್ ಹರಿದು, ಗೇಟ್‌ಗೆ ಪಲ್ಸ್ ಬರದಿದ್ದರೂ ಎಸ್‌ಸಿಆರ್ ಆನ್ ಆಗಿಬಿಡುತ್ತದೆ. ಬಿಸಿ ಏರಿದಷ್ಟೂ ಇದನ್ನು ತಾಳುವ ಶಕ್ತಿ ಕಡಿಮೆ. ಬ್ರಿಡ್ಜ್‌ನಲ್ಲಿ ಹೊತ್ತಲ್ಲದ ಹೊತ್ತಲ್ಲಿ ಒಂದು ಆನ್ ಆದರೂ ಎರಡು ಫೇಸ್ ಶಾರ್ಟ್. ಆಫ್ ಆಗುವಾಗ ಇನ್ನೊಂದು ಪೆಟ್ಟು: ರಿವರ್ಸ್ ಕರೆಂಟ್ ದಿಢೀರನೆ ನಿಂತಾಗ ಲೈನಿನ ಇಂಡಕ್ಟೆನ್ಸ್ ಸ್ಪೈಕ್ ಎಬ್ಬಿಸುತ್ತದೆ. ಅಡ್ಡಲಾಗಿ ಹಾಕಿದ ಕೆಪಾಸಿಟರ್ ಆ ಏರಿಕೆಯನ್ನು ನಿಧಾನ ಮಾಡುತ್ತದೆ, ಸ್ಪೈಕನ್ನು ನುಂಗುತ್ತದೆ.

ಕೆಪಾಸಿಟರ್ ಬಿಚ್ಚಿ ಅಳೆದೆ. ಮೈಮೇಲೆ 0.22 ಮೈಕ್ರೋಫ್ಯಾರಡ್ ಎಂದಿತ್ತು, ಮೀಟರ್ ತೋರಿಸಿದ್ದು 0.05. ಹೊರಗೆ ಊದಿಲ್ಲ, ಒಡೆದಿಲ್ಲ. ಮೆಟಲೈಸ್ಡ್ ಫಿಲ್ಮ್ ಕೆಪಾಸಿಟರ್ ಹೀಗೆಯೇ: ಒಳಗೆ ಸಣ್ಣ ತೂತು ಬಿದ್ದಾಗಲೆಲ್ಲ ಸುತ್ತಲಿನ ಲೋಹದ ಪದರ ಆವಿಯಾಗಿ ತೂತು ಮುಚ್ಚಿಹೋಗುತ್ತದೆ, ಜೊತೆಗೆ ಕೆಪಾಸಿಟೆನ್ಸೂ ಇಳಿಯುತ್ತಾ ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಳೆಯಲೇಬೇಕು.

"1 ಮೈಕ್ರೋಫ್ಯಾರಡ್ ಹಾಕಿದ್ರೆ ಇನ್ನೂ ಗಟ್ಟಿ ಅಲ್ವಾ?" ಎಂದು ಕೇಳಿದರು. ಅಲ್ಲ. ಎಸ್‌ಸಿಆರ್ ಆನ್ ಆದ ಕ್ಷಣ ಆ ಚಾರ್ಜೆಲ್ಲ ಅದರ ಮೂಲಕವೇ ಖಾಲಿಯಾಗಬೇಕು. ಪೀಕ್ 587 ವೋಲ್ಟ್. ಜೊತೆಯ ರೆಸಿಸ್ಟರ್ 33 ಓಮ್ ಇದ್ದರೆ ಆ ಕರೆಂಟ್ ಸುಮಾರು 18 ಆಂಪಿಯರ್‌ಗೆ ನಿಲ್ಲುತ್ತದೆ. ರೆಸಿಸ್ಟರ್ ಇರುವುದೇ ಅದಕ್ಕೆ. ಸೈಕಲ್‌ಗೆ ಒಂದೇ ಸಲ ತುಂಬಿ ಖಾಲಿಯಾದರೂ 0.22ಕ್ಕೆ ರೆಸಿಸ್ಟರ್‌ನಲ್ಲಿ ಸುಮಾರು 4 ವ್ಯಾಟ್ ಶಾಖ, 1ಕ್ಕೆ 17 ವ್ಯಾಟ್. ಬ್ರಿಡ್ಜ್‌ನಲ್ಲಿ ಇನ್ನೂ ಹೆಚ್ಚು.

ಆರಕ್ಕೂ ಹೊಸ ಪಾಲಿಪ್ರೊಪಿಲೀನ್ ಕೆಪಾಸಿಟರ್, ಇಂಡಕ್ಟೆನ್ಸ್ ಇಲ್ಲದ 25 ವ್ಯಾಟ್ ರೆಸಿಸ್ಟರ್ ಹಾಕಿದೆ. ವೈರ್ ಉದ್ದ ಬಿಡದೆ ಎಸ್‌ಸಿಆರ್ ಟರ್ಮಿನಲ್‌ಗೇ ಬಿಗಿದೆ; ಉದ್ದದ ವೈರಿನ ಇಂಡಕ್ಟೆನ್ಸ್ ಸ್ನಬ್ಬರ್‌ನ ಕೆಲಸವನ್ನೇ ಕೆಡಿಸುತ್ತದೆ. ಆಮೇಲೆ ಮಧ್ಯಾಹ್ನದ ಬಿಸಿಲಲ್ಲೂ ಫ್ಯೂಸ್ ಹೋಗಲಿಲ್ಲ.

ಇನ್ನೊಂದು ಮಾತು. ಪಲ್ಸ್ ನಿಲ್ಲಿಸಿದರೂ ಸ್ನಬ್ಬರ್ ಮೂಲಕ ಕರೆಂಟ್ ಸೋರುತ್ತಿರುತ್ತದೆ. 0.22 ಆದರೆ 240 ವೋಲ್ಟ್‌ಗೆ ಸುಮಾರು 17 ಮಿಲಿಆಂಪಿಯರ್, ಮುಟ್ಟಿದ ಕೈ ಬಿಡಿಸಿಕೊಳ್ಳಲಾಗದಂತೆ ಹಿಡಿದುಕೊಳ್ಳಲು ಅಷ್ಟು ಸಾಕು. ಡ್ರೈವ್ ಆಫ್ ಇದೆ ಎಂದು ಮುಟ್ಟಬೇಡಿ. ಸಪ್ಲೈ ಕಡಿಯುವ ಐಸೊಲೇಟರ್ ಸ್ವಿಚ್ ಇಳಿಸಿ, ಟೆಸ್ಟ್ ಮಾಡಿ, ಆಮೇಲೆ ಕೈ ಹಾಕಿ.