ಮುತ್ಯಾನ ದನಿ ಉಳಿಸಿಕೊಂಡದ್ದು: ನನ್ನ ಅನುಭವ

ಮುತ್ಯಾ ಹಾಡಿದ ತತ್ವಪದಗಳನ್ನು 2009ರಲ್ಲಿ ಎರಡು ಡಿವಿಡಿಗೆ ಬರೆದಿಟ್ಟಿದ್ದೆ. ಒಟ್ಟು ಆರು ಗಂಟೆಯ ಹಾಡು. ಇಟ್ಟ ಜಾಗ ಮಾತ್ರ ತಪ್ಪು: ಮಾಳಿಗೆ ಮೇಲಿನ ಪತ್ರಾಸಿನ ಕೋಣೆ. ಕಲಬುರಗಿಯ ಮೇ ತಿಂಗಳು ಗೊತ್ತಲ್ವಾ? ಹನ್ನೊಂದು ವರ್ಷದ ಮೇಲೆ ತೆಗೆದು ಹಾಕಿದರೆ ಒಂದು ಓದಿತು. ಇನ್ನೊಂದು ಸುಮ್ನೆ ಗಿರಗಿರ ತಿರುಗಿತು. ಅಷ್ಟೊತ್ತಿಗೆ ಮುತ್ಯಾ ಹೋಗಿ ಆರು ವರ್ಷ.

ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಹಚ್ಚಿದೆ. ಅದು ಓದಲು ಬರುವ ಭಾಗ ಮೊದಲು ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗಕ್ಕೆ ಆಮೇಲೆ ಮತ್ತೆ ಮತ್ತೆ ಹೋಗುತ್ತದೆ. ಎಲ್ಲಿವರೆಗೆ ಬಂತು ಎಂದು ಒಂದು ಫೈಲಿನಲ್ಲಿ ಬರೆದುಕೊಳ್ಳುವುದರಿಂದ ಡಿಸ್ಕನ್ನು ಬೇರೆ ಡ್ರೈವಿಗೆ ಹಾಕಿ ಕೆಲಸ ಮುಂದುವರಿಸಬಹುದು. ಹಾಗೇ ಮಾಡಿದೆ. ಒಂದು ಡ್ರೈವ್ ಕೈಬಿಟ್ಟದ್ದನ್ನು ಇನ್ನೊಂದು ಓದಿತು! ಎರಡು ರಾತ್ರಿ ಹಿಡಿಯಿತು. ಕೊನೆಗೂ ಸಿಗದ ಜಾಗಗಳಲ್ಲಿ ಸೊನ್ನೆ ಉಳಿಯಿತು. ಹಾಡಿನಲ್ಲಿ ಅದು ಮೌನವಾಗಿ ಕೇಳುತ್ತದೆ.

ಸಾದಾ ಡಿವಿಡಿಯಲ್ಲಿ ಲೇಸರ್ ಬರೆಯುವುದು ಸಾವಯವ ಬಣ್ಣದ ಪದರದ ಮೇಲೆ. ಬಿಸಿಲು, ಶಾಖ, ತೇವಕ್ಕೆ ಆ ಬಣ್ಣ ಕೆಡುತ್ತದೆ. ಹಾಗಾಗಿ ಈ ಸಲ ಎಂ-ಡಿಸ್ಕ್ ತರಿಸಿದೆ. ಅದರಲ್ಲಿ ಬಣ್ಣದ ಬದಲು ಕಲ್ಲಿನಂಥ ಗಟ್ಟಿ ಪದರ ಇರುತ್ತದೆ. ಬರೆಯಲು ಲೇಸರಿಗೆ ಶಕ್ತಿ ಜಾಸ್ತಿ ಬೇಕು, ಅದಕ್ಕೆ ಹೊಂದುವ ಡ್ರೈವೇ ಆಗಬೇಕು. ಓದಲು ಸಾದಾ ಡ್ರೈವ್ ಸಾಕು. ಸಿಡಿ ಗುಣಮಟ್ಟದ ವೇವ್ ಫೈಲ್, ಅಂದರೆ ಕುಗ್ಗಿಸದೆ ಇಟ್ಟ ಧ್ವನಿಯ ಫೈಲ್, ನಿಮಿಷಕ್ಕೆ ಸುಮಾರು 10 ಎಂಬಿ. ಆರು ಗಂಟೆಯ ಹಾಡು 4.7 ಜಿಬಿಯ ಒಂದೇ ಡಿಸ್ಕಿನಲ್ಲಿ ಕೂತಿತು.

ನನಗೆ ನಿಜವಾಗಿ ಬೇಕಿರುವುದು ಗಾಜು. 2019ರಲ್ಲಿ ಮೈಕ್ರೋಸಾಫ್ಟಿನವರು 1978ರ ಸೂಪರ್‌ಮ್ಯಾನ್ ಸಿನಿಮಾವನ್ನು 75 ಮಿಮೀ ಚೌಕದ, 2 ಮಿಮೀ ದಪ್ಪದ ಗಾಜಿನ ಬಿಲ್ಲೆಯಲ್ಲಿ ಬರೆದು ತೋರಿಸಿದರು. 75.6 ಜಿಬಿ. ಫೆಮ್ಟೋಸೆಕೆಂಡ್ ಲೇಸರ್, ಅಂದರೆ ಅತಿ ಚಿಕ್ಕ ಮಿಡಿತಗಳಲ್ಲಿ ಬೆಳಕು ಹಾಯಿಸುವ ಲೇಸರ್, ಗಾಜಿನ ಒಳಗೇ ಸಣ್ಣ ಸಣ್ಣ ಗುರುತು ಕೊರೆಯುತ್ತದೆ. ಕೆಡಲು ಅಲ್ಲಿ ಬಣ್ಣವೇ ಇಲ್ಲ. ಆ ಗಾಜನ್ನು ಕುದಿಸಿದರು, ಒಲೆಯಲ್ಲಿ ಬೇಯಿಸಿದರು, ತಂತಿಯ ನಾರಿನಿಂದ ಉಜ್ಜಿದರು, ಆದರೂ ಓದಲು ಬಂತು. ಓದಲು ಮಾತ್ರ ಧ್ರುವೀಕರಿಸಿದ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ, ಬೆಳಕಿನ ಸೂಕ್ಷ್ಮದರ್ಶಕ ಬೇಕು. ಅದು ನಮ್ಮ ಕೈಗೆ ಬರುವವರೆಗೆ ಎಂ-ಡಿಸ್ಕೇ ಗತಿ.

ಎರಡು ಪ್ರತಿ ಬರೆದೆ, ನಿಧಾನದ ವೇಗದಲ್ಲಿ. ಪ್ರತಿ ಫೈಲಿನ ಎಸ್‌ಎಚ್‌ಎ-256 ಮೊತ್ತ ತೆಗೆದು ವಹಿಯಲ್ಲೂ ಬರೆದಿಟ್ಟೆ. ಅದು ಫೈಲಿನ ಬೆರಳಚ್ಚಿನಂಥ ಉದ್ದ ಸಂಖ್ಯೆ, ಫೈಲ್ ಚೂರು ಬದಲಾದರೂ ಅದು ಬದಲಾಗುತ್ತದೆ. ಒಂದು ಪ್ರತಿ ಬೀದರಿನಲ್ಲಿ ತಂಗಿಯ ಮನೆಯಲ್ಲಿದೆ. ಇನ್ನೊಂದು ನಮ್ಮ ಹಳೇ ಮನೆಯ ಒಳಕೋಣೆಯ ಟ್ರಂಕಿನಲ್ಲಿ. ಅಲ್ಲಿ ಶಾಬಾದಿ ಫರ್ಸಿ ಹಾಸಿದೆ, ಬೇಸಿಗೆಯಲ್ಲೂ ತಂಪು. ವರ್ಷಕ್ಕೊಮ್ಮೆ ತೆಗೆದು ಮೊತ್ತ ತಾಳೆ ನೋಡುತ್ತೇನೆ. ಇಲ್ಲಿವರೆಗೆ ಒಂದಂಕಿಯೂ ತಪ್ಪಿಲ್ಲ.

ಮೌನದ ಜಾಗಗಳನ್ನು ಕತ್ತರಿಸಿ ಜೋಡಿಸು ಎಂದು ಕಾಕಾ ಹೇಳಿದರು. ನಾನು ಒಪ್ಪಲಿಲ್ಲ. ಕತ್ತರಿಸಿದರೆ ಅಲ್ಲೊಂದು ಸಾಲಿತ್ತು ಅನ್ನುವುದೇ ಯಾರಿಗೂ ತಿಳಿಯುವುದಿಲ್ಲ. ಆ ಸಾಲುಗಳನ್ನು ಕಾಕಾ ಬಾಯಲ್ಲೇ ಹೇಳಿಸಿ, ಬೇರೆ ಫೈಲಾಗಿ ಅದೇ ಡಿಸ್ಕಿಗೆ ಸೇರಿಸಿದೆ.