ಹಳೇ ಮೇಜು, ಬೀರುಗೆ ಬೆಲೆ ಕಟ್ಟುವ ಮೊದಲು ಡ್ರಾಯರ್ ಎಳೆದು ನೋಡಿ

ಹಳೇ ಪೀಠೋಪಕರಣದ ಬೆಲೆ ತಿಳಿಯಬೇಕು ಅನ್ನುವವರಿಗೆ ಮೊದಲ ಮಾತು: ದಯವಿಟ್ಟು ಹೊಸ ಪಾಲಿಶ್ ಹಾಕಿಸಬೇಡಿ. ಹಳೇ ಮೆರುಗು ಉಜ್ಜಿ ತೆಗೆದರೆ ಎಷ್ಟೋ ಸಲ ಬೆಲೆಯೇ ಇಳಿಯುತ್ತದೆ. ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

ಆಮೇಲೆ ಡ್ರಾಯರನ್ನು ಪೂರ್ತಿ ಹೊರಗೆ ಎಳೆಯಿರಿ. ನನ್ನ ಪ್ರಕಾರ ಅರ್ಧ ಕಥೆ ಅಲ್ಲೇ ಇರುತ್ತದೆ. ಮೂಲೆಯಲ್ಲಿ ಎರಡು ಹಲಗೆ ಹಲ್ಲು ಹಲ್ಲಾಗಿ ಕೂಡಿರುವ ಜಾಗ ನೋಡಿ. ಹಲ್ಲುಗಳ ಅಳತೆ ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ಸಾಮಾನ್ಯವಾಗಿ ಅದು ಕೈಕೆಲಸ. ಎಲ್ಲವೂ ಒಂದೇ ಸಮ ಇದ್ದರೆ ಯಂತ್ರದ್ದು. ಸ್ಕ್ರೂಗಳನ್ನೂ ನೋಡಿ. ತಲೆಯಲ್ಲಿ ಪ್ಲಸ್ ಗುರುತಿರುವ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. 150 ವರ್ಷ ಹಳೆಯದು ಅನ್ನುವ ಬೀರುವಿನಲ್ಲಿ ಅದು ಸಿಕ್ಕರೆ, ಒಂದೋ ನಡುವೆ ರಿಪೇರಿ ಆಗಿದೆ, ಇಲ್ಲವೇ ಹೇಳಿದ ವಯಸ್ಸು ತಪ್ಪು. ದುಂಡು ಮೇಜಾದರೆ ಟೇಪ್ ಹಿಡಿದು ಉದ್ದಕ್ಕೂ ಅಡ್ಡಕ್ಕೂ ಅಳೆಯಿರಿ. ಮರ ಒಣಗುತ್ತಾ ಎಳೆಗೆ ಅಡ್ಡವಾಗಿ ಜಾಸ್ತಿ ಕುಗ್ಗುತ್ತದೆ. ಹಾಗಾಗಿ ಹಳೇ ಗಟ್ಟಿ ಮರದ ಮೇಜು ತುಸು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಎಷ್ಟು ಚೆಂದದ ಸಾಕ್ಷಿ ಅಲ್ವಾ!

ಬೆಲೆ ಹುಡುಕುವಾಗ ಜಾಹೀರಾತಿನಲ್ಲಿ ಕೇಳಿರುವ ಬೆಲೆಯನ್ನು ಸುಮ್ನೆ ನಂಬಬೇಡಿ. ಕೇಳುವುದು ಯಾರು ಬೇಕಾದರೂ ಕೇಳಬಹುದು. ಅಂಥದ್ದೇ ವಸ್ತು ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತು ಅಂತ ನೋಡಿ. ವಿಮೆಗೆ ಬರೆದ ಬೆಲೆ ಸಾಮಾನ್ಯವಾಗಿ ಮಾರುವ ಬೆಲೆಗಿಂತ ಹೆಚ್ಚಿರುತ್ತದೆ, ಅದನ್ನೂ ಗಮನದಲ್ಲಿಡಿ.

ತಜ್ಞರಿಗೆ ತೋರಿಸುವುದಾದರೆ, ಅದನ್ನು ಕೊಳ್ಳಲು ಬಂದವರಿಂದಲೇ ಬೆಲೆ ಕಟ್ಟಿಸಬೇಡಿ.